ಅಂಚಿಗೆ ನಿಂತ ಗಾಡಿ

ಎಲ್ಲರಿಗೂ ಮಂದಿ ಬೇಕು. ನನಗೆ ಗಾಡಿ.

ಚಪ್ಪಲ್ ಬಜಾರಿನ ಮೂಲೆಗೆ ಹತ್ತು ಫೂಟಿನ ಅಂಗಡಿ,
ಹಳೇ ಫೋಟೊ ಹಿರಿದು ಮಾಡಿ ಕಟ್ಟು ಹಾಕುವ ಕೆಲಸ.
'ಮುತ್ಯಾನ್ನ ಅಷ್ಟೇ ಇಡ್ರಿ ಅಕ್ಕೋರೆ,
ಉಳಿದದ್ದು ತಗದ್ಬಿಡ್ರಿ' ಅಂತಾರೆ.
ಉಳಿದದ್ದು ಅಂದರೆ
ಮುತ್ಯಾ ಬೆನ್ನು ಕೊಟ್ಟು ನಿಂತ ಲ್ಯಾಂಡ್‌ಮಾಸ್ಟರ್.
ಹೂಂ ಅನ್ನುತ್ತೇನೆ. ಬ್ಲೇಡು ಎಳೆಯುತ್ತೇನೆ.
ಮುತ್ಯಾ ಚೌಕಟ್ಟಿಗೆ,
ಲ್ಯಾಂಡ್‌ಮಾಸ್ಟರ್ ನನ್ನ ಬಿಸ್ಕೀಟ್ ಡಬ್ಬಿಗೆ.

ಹದಿನೆಂಟು ವರ್ಷಕ್ಕೆ ಮೂರು ಡಬ್ಬಿ ತುಂಬಿವೆ.
ಮಧ್ಯಾಹ್ನ ಗಿರಾಕಿ ಇಲ್ಲದಾಗ
ಶಟರು ಅರ್ಧ ಇಳಿಸಿ, ಫರಸಿ ಮೇಲೆ ಹರವಿ ಕೂಡುತ್ತೇನೆ.
ಇದು ಅಂಬಾಸಡರ್ ಅಲ್ಲ,
ಹಿಂದಿನ ರೆಕ್ಕೆ ಇನ್ನೂ ಮೂಡಿಲ್ಲ ನೋಡ್ರಿ.
ಇದು ಡುಕ್ಕರ್ ಫಿಯಟ್, ಮೂತಿಯಿಂದಲೇ ಗೊತ್ತು.
ಈ ಮಾರಿಸಿನ ಬಾಗಿಲ ಪಕ್ಕ ಒಂದು ಕಡ್ಡಿ ಎದ್ದಿದೆ,
ಬಲಕ್ಕೆ ಹೊರಳುತ್ತೇನೆ ಅಂದು ಅರವತ್ತು ವರ್ಷ,
ಇನ್ನೂ ಹೊರಳಿಲ್ಲ.
ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ
ಯಾವುದೋ ಕೂಸಿನ ಕುಂಚಿಗೆಯ ಹಿಂದೆ.
ಗಾಲಿಯ ಹೊಳೆವ ಬಟ್ಟಲೊಳಗೆ
ಕಪ್ಪು ಅರಿವೆ ಹೊದ್ದು ಬಗ್ಗಿದ ಫೋಟೊದವ,
ಕಡಲೆಕಾಳಿನಷ್ಟು.

ಬಣ್ಣ ಯಾವುದಿತ್ತು? ಅದೊಂದೇ ತಿಳಿಯುವುದಿಲ್ಲ.
ನಮ್ಮ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದು
ಬೆಳ್ಳಗೆ ತೂತು ಕೊರೆದುಬಿಟ್ಟಿದೆ.
ಒಮ್ಮೆ ಅಣ್ಣತಮ್ಮ ಇಬ್ಬರನ್ನು ಕೇಳಿದೆ.
ಬದನೆಕಾಯಿ, ಅಂದ ಅಣ್ಣ. ಹಸಿರು, ಅಂದ ತಮ್ಮ.
ಆಸ್ತಿ ಹಂಚಿಕೆಗೂ ಆಡದ ಮಾತು ಅವತ್ತು ಆಡಿಕೊಂಡರು.
ರೊಕ್ಕ ಕೊಡದೆ ಹೋದರು ಇಬ್ಬರೂ.

ನನಗೆ ಗಾಡಿ ಹೊಡೆಯಲು ಬರುವುದಿಲ್ಲ.
ಸ್ಕೂಟಿಯೂ.

ಗಂಜಿನ ದಾಲ್ ಮಿಲ್ಲಿನ ಚನ್ನವೀರಪ್ಪನವರ ಮೊಮ್ಮಗ
ಮಿಲ್ಲಿನ ಪೂಜೆಯ ಫೋಟೊ ತಂದಿದ್ದ.
ನಡುವೆ ಮಾಲೀಕರು, ಮಗ್ಗುಲಿಗೆ ಅವರ ಮನೆಯವರು,
ತೀರ ಅಂಚಿಗೆ ಒಂದು ಬೆಡ್‌ಫರ್ಡ್ ವ್ಯಾನು, ಅರ್ಧವೇ.
ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು.
'ಅಜ್ಜ ಅಜ್ಜಿ ಸಾಕು.'
ಸಾಕು ಅಂದೆ ನಾನೂ, ಒಳಗೊಳಗೇ ಹಿಗ್ಗಿ.
ಆ ಪಟ್ಟಿಯನ್ನು ನೂರು ಸಲ ನೋಡಿದ್ದೇನೆ.
ಹೆಡ್‌ಲೈಟಿನ ಬಳೆಗೆ ಒಂದು ತಿರುಪು ಕಮ್ಮಿ,
ಗಾಜಿನ ನಡುವೆ ಕಂಬಿ,
ಮಡ್‌ಗಾರ್ಡಿಗೆ ಒಂದು ಕಡೆ ತಗ್ಗು.

ಎಂಟು ತಿಂಗಳಿಗೆ ಹಲೀಮಾಬಿ ಬಂದಳು.
ಚೀಲ ಇಳಿಸಲಿಲ್ಲ, ಕುರ್ಚಿಗೆ ಕೂಡಲಿಲ್ಲ.
'ಮಿಲ್ಲಿನವರ ಮನ್ಯಾಗ ಕಟ್ಟಿನ ಫೋಟೊ ನೋಡೀನಿ.
ಅದರಾಗ ಗಾಡಿ ಇತ್ತಲ್ಲವ್ವಾ, ಎಲ್ಲಿ ಹೋತು?'
ಕದ್ದವಳಂತೆ ಡಬ್ಬಿ ತೆಗೆದೆ.
ಅವಳು ಹೆಡ್‌ಲೈಟು ನೋಡಲಿಲ್ಲ.
ಬೆರಳು ನೇರ ಹೋಗಿ ಕಿಟಕಿಗೆ ನಿಂತಿತು.
ಅಲ್ಲೊಂದು ಮೊಣಕೈ.
ಮಡಚಿದ ತೋಳಂಗಿ, ದಾರಕ್ಕೆ ಕಟ್ಟಿದ ತಾಯತ.
ನೂರು ಸಲ ನೋಡಿದವಳಿಗೆ
ಕಂಡಿರಲಿಲ್ಲ.

'ನಮ್ಮವರು. ಮೌಲಾಲಿ.
ಲೈಸನ್ಸಿನ ಫೋಟೊ ಗೆದ್ದಲು ತಿಂದ್ವು.
ಇದೊಂದೇ ಅದ.'
ಆಮೇಲೆ ಸೆರಗಿನ ಗಂಟು ಬಿಚ್ಚುತ್ತ ಅಂದಳು,
'ಕೈ ಅಷ್ಟೇ ದೊಡ್ಡದು ಮಾಡಿ ಕೊಡು.
ಗಾಡಿ ತಗದ್ಬಿಡು.'

ಬ್ಲೇಡು ಹಿಡಿದೆ. ಇಟ್ಟೆ.
'ಗಾಡಿ ತೆಗೆದರೆ ಕೈ ಎಲ್ಲಿ ಊರಬೇಕು ಅಮ್ಮಾ?'
ನನ್ನ ಮಾರಿ ನೋಡಿದಳು, ಪಟ್ಟಿ ನೋಡಿದಳು.
'ಬಾಗಲಾ ಇರಲಿ ಹಂಗಾದ್ರ,' ಅಂದಳು,
'ಮಾಲೀಕರದೇ ಖರೆ,
ಹಾಕಿ ತೆಗೆದು ಮಾಡಿದವರು ಇವರು.'

ಬಾಗಿಲ ಸಮೇತ ಕೊಯ್ದು ಕೊಟ್ಟೆ.
ರೊಕ್ಕ ಬೇಡ ಅಂದರೂ ಕೇಳದೆ
ಮೇಜಿನ ಮೇಲೆ ಇಪ್ಪತ್ತು ಇಟ್ಟು ಹೋದಳು.

ಡಬ್ಬಿಯೊಳಗೆ ಈಗ ಬಾಗಿಲಿಲ್ಲದ ಬೆಡ್‌ಫರ್ಡ್.
ಗಾಲಿ ಹೊರಡುವ ಮುಂಚೆಯೇ ಇದೆ,
ನಿಂಬೆಹಣ್ಣು ಇನ್ನೂ ಒಡೆದಿಲ್ಲ.